ನೆಗೆಣ್ಣಿಯ ತಾಟು

ಮೈದುನನ ಮದುವೆಯಾಗಿ ಆ ಹುಡುಗಿ ಬೆಳಗಾವಿ ಮಗ್ಗುಲಿನ ಅನಗೋಳದ ನಮ್ಮ ಮನೆಗೆ ಬಂದಾಗ ಬಾಗಿಲಲ್ಲಿ ನಿಂತು ಆರತಿ ಎತ್ತಿದವಳು ನಾನೇ. ಬೆಳಗಾವಿಯಲ್ಲಿ ಸ್ವರಾಜ್ಯದವರ ದೊಡ್ಡ ಸಭೆ ನೆರೆದುಹೋದ ಮರುವರ್ಷ ಅದು. ಮೈದುನ ಒರಟು ಖಾದಿ ಧೋತರದಲ್ಲೇ ಹಸೆಮಣೆ ಏರಿದ್ದ. ನನಗೆ ಖರೇ ಖುಷಿಯಾಗಿತ್ತು. ನಾನು ಈ ಮನೆಗೆ ಕಾಲಿಡುವ ಮೊದಲೇ ಅತ್ತೆ ತೀರಿಹೋಗಿದ್ದರು. ಮಾವ, ಗಂಡ, ಮೈದುನ, ಇಷ್ಟು ಗಂಡಸರ ನಡುವೆ ಒಂದು ಹೆಣ್ಣುದನಿಯಿಲ್ಲದೆ ನಾನು ಒಲೆಯ ಜೊತೆ ಮಾತನಾಡುವುದನ್ನು ಕಲಿತಿದ್ದೆ. ಇನ್ನು ನೆಗೆಣ್ಣಿ ಬಂದಳು, ಓರಗಿತ್ತಿ ಅನ್ನುವುದಕ್ಕಿಂತ ತಂಗಿಯಂತೆ ಇಟ್ಟುಕೊಳ್ಳಬೇಕು ಅಂದುಕೊಂಡೆ. ಆ ಖುಷಿ ಅವಳು ಮೊದಲ ಸಲ ಅಡುಗೆ ಮಾಡಿದ ದಿನದವರೆಗೆ ಬಾಳಿತು.

ನನ್ನ ತವರು ಬೀಡಿ ಅನ್ನುವ ಹಳ್ಳಿ, ಅವಳ ತವರು ಖಾನಾಪುರ ಪೇಟೆ. ಒಂದೇ ತಾಲೂಕು. ಬೆಳಿಗ್ಗೆ ಗಾಡಿ ಕಟ್ಟಿದರೆ ಹೊತ್ತು ಮುಳುಗುವುದರೊಳಗೆ ಮುಟ್ಟುವ ದಾರಿ. ಆದರೆ ಎರಡು ಊರಿನ ತಾಟುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಡುವೆ ಒಂದು ಸಮುದ್ರವೇ ಇದ್ದಂತೆ ಕಾಣಬೇಕು. ನಮ್ಮದು ಜೋಳದ ಹೊಲ. ನಮ್ಮ ತಾಟಿನಲ್ಲಿ ಮೊದಲು ಕೂರುವುದು ರೊಟ್ಟಿ. ಅದರ ಬಾಜು ಎಣ್ಣೆ ಬಿಟ್ಟುಕೊಂಡ ಬದನೆಕಾಯಿ ಎಣಗಾಯಿ, ಗುರೆಳ್ಳು ಚಟ್ನಿಪುಡಿ, ಅದರ ನಡುವೆ ಬೆರಳಿನಿಂದ ಕುಣಿ ಮಾಡಿ ಹೊಯ್ದ ಕುಸುಬೆ ಎಣ್ಣೆ, ಕೆಂಪು ಮೆಣಸಿನಕಾಯಿಯ ರಂಜಕ, ಗಟ್ಟಿ ಮೊಸರು. ಅನ್ನ ಕಡೆಯಲ್ಲಿ ಬರುತ್ತಿತ್ತು, ಮಜ್ಜಿಗೆಗೆ ಜೊತೆಯಾಗಿ, ಒಂದು ಹಿಡಿ.

ಅವಳ ಊರಿಗೆ ಕಾಡು ಹತ್ತಿರ, ಘಟ್ಟ ಹತ್ತಿರ. ಅಲ್ಲಿ ಅನ್ನವೇ ಯಜಮಾನ. ಹಬೆಯಾಡುವ ಅನ್ನದ ಮುದ್ದೆ, ಮೇಲೆ ಹಳದಿ ತೊವ್ವೆ, ತುಪ್ಪ. ಎಡಕ್ಕೆ ಕಾಯಿಚಟ್ನಿ, ಬಲಕ್ಕೆ ಎಳೆ ಹಲಸಿನ ಪಲ್ಯ, ಅಕ್ಕಿ ಹಪ್ಪಳ. ಬಟ್ಟಲಿನಲ್ಲಿ ಮುರುಗಲ ಹಣ್ಣಿನ ಒಣಸಿಪ್ಪೆ ಅಮಸೂಲ ನೆನೆಹಾಕಿ ತೆಂಗಿನ ಹಾಲು ಬೆರೆಸಿದ, ಕನಕಾಂಬರವೂ ಅಲ್ಲದ ಗುಲಾಬಿಯೂ ಅಲ್ಲದ ಬಣ್ಣದ ಸಾರು. ಎಲ್ಲದಕ್ಕೂ ಕಾಯಿತುರಿ, ಎಲ್ಲದಕ್ಕೂ ಚೂರು ಬೆಲ್ಲ.

ನಮ್ಮ ಮಾವ ಉಣ್ಣುವಾಗ ಮಾತಾಡುವವರಲ್ಲ. ಅವರ ಮೆಚ್ಚುಗೆಯೆಂದರೆ ತಾಟಿನಲ್ಲಿ ಏನೂ ಉಳಿಯದಿರುವುದು. ಅಷ್ಟನ್ನೇ ನಾನು ಇಷ್ಟು ವರ್ಷ ಬಹುಮಾನದ ಹಾಗೆ ಒಳಗಿಟ್ಟುಕೊಂಡು ಬಂದಿದ್ದೆ. ನೆಗೆಣ್ಣಿ ಅಡುಗೆ ಮಾಡಿದ ಆ ದಿನ ಅವರು ಸಾರಿನ ಬಟ್ಟಲನ್ನು ಎತ್ತಿ ಕುಡಿದು, ಮೀಸೆ ಒರೆಸಿಕೊಂಡು ತಲೆ ಎತ್ತಿದರು.

"ಇದೇನವಾ ಇದು?"

"ಅಮಸೂಲಿನ ಸಾರ್ರೀ," ಅಂದಳು ನೆಗೆಣ್ಣಿ, ಸೆರಗಿನ ಮರೆಯಿಂದ.

"ಇನ್ನೊಂದೀಟ ಹಾಕು. ಬಾಯಿಗೆ ಜೀವ ಬಂದಂಗಾತು."

ನಾನು ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದೆ. "ರೊಟ್ಟಿ ಹಾಕಲೇನ್ರಿ?" ಅಂದೆ.

"ಬ್ಯಾಡ, ಸಂಜೀಕ ತಿಂತೀನಿ."

ಬಾಯಿಗೆ ಜೀವ ಬಂತಂತೆ! ಹಾಗಾದರೆ ನಾನು ಬಡಿಸಿದ ಊಟವೆಲ್ಲ ಹೆಣದ ಬಾಯಿಗೆ ಬಿದ್ದ ತುತ್ತೇ? ಅಂದು ನಾನು ಅವಳ ಸಾರನ್ನು ಮುಟ್ಟಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದೆ. ಅದೇನು ಸುಳ್ಳಲ್ಲ. ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಿತ್ತು.

ಅಲ್ಲಿಂದ ನನ್ನ ಕಿವಿ ಬೇರೆಯಾಯಿತು. ಹಿತ್ತಲಲ್ಲಿದ್ದರೂ ಅವಳು ಕಾಯಿ ತುರಿಯುವ ಸದ್ದು ಕೇಳಿಸುತ್ತಿತ್ತು. ಪಡಸಾಲೆಯಲ್ಲಿ ಮಾವ "ಇನ್ನೊಂದೀಟ" ಅಂದರೆ, ಅದು ಯಾವ ಪಾತ್ರೆಯ ಕಡೆಗೆ ಹೋಯಿತೆಂದು ಒಳಗಿನಿಂದಲೇ ತಿಳಿಯುತ್ತಿತ್ತು. ನಾನು ಎಣಗಾಯಿಗೆ ಶೇಂಗಾ ಹೆಚ್ಚು ಕುಟ್ಟಿ ಹಾಕಿದೆ, ಎಣ್ಣೆ ಹೆಚ್ಚು ಬಿಟ್ಟೆ. "ಬ್ಯಾಸಿಗಿ ಅದವಾ, ಖಾರ ಸಾಕು," ಅಂದರು ಮಾವ. ನನ್ನ ಗಂಡನೂ ಒಂದು ದಿನ, ಏನೋ ಉಪಕಾರ ಮಾಡುವವರ ಹಾಗೆ, "ಅಕೀನ ಕೇಳಿ ನೀನೂ ಒಂದಿನ ಆ ಸಾರ ಮಾಡಿ ನೋಡು," ಅಂದರು. ಕೈಯಲ್ಲಿದ್ದ ಸೌಟನ್ನು ನಾನು ಮೆಲ್ಲಗೆ ಕೆಳಗಿಟ್ಟೆ. ಮೆಲ್ಲಗೆ ಇಡಲು ಎಷ್ಟು ಶಕ್ತಿ ಬೇಕಾಯಿತೆಂಬುದು ನನಗೇ ಗೊತ್ತು.

ನನಗಿದ್ದ ಒಂದೇ ಸಮಾಧಾನ, ಅವಳಿಗೆ ರೊಟ್ಟಿ ಬರುತ್ತಿರಲಿಲ್ಲ. ಹಿಟ್ಟು ಅವಳ ಕೈಯಲ್ಲಿ ಬಿರಿಯುತ್ತಿತ್ತು, ಹೆಂಚಿಗೆ ಹೋಗುವಾಗ ಹರಿಯುತ್ತಿತ್ತು. "ಅಕ್ಕಾ, ಹೆಂಗ ಬಡೀತೀರಿ, ತೋರಸ್ರೆಲ್ಲಾ," ಎಂದು ಪಕ್ಕದಲ್ಲಿ ಬಂದು ಕೂರುತ್ತಿದ್ದಳು. "ಕೈ ತಾನ ಕಲೀತದ," ಎಂದು ನಾನು ಬೆನ್ನು ತಿರುಗಿಸಿ ಬಡಿಯುತ್ತಿದ್ದೆ.

ಬೇಸಿಗೆಯಲ್ಲಿ ಅವಳ ತಮ್ಮನ ಮುಂಜಿ ಬಂತು. ಮಾವ ನನಗೂ ಹೋಗಿಬಾ ಅಂದರು. ಮೈದುನ, ನೆಗೆಣ್ಣಿ, ನಾನು ರೈಲು ಹತ್ತಿದೆವು. ಈ ರುಚಿ ಎಲ್ಲಿ ಹುಟ್ಟುತ್ತದೆಂದು ಕಣ್ಣಾರೆ ಕಾಣಬೇಕೆಂಬ ಹಟ ನನ್ನದು. ಮುಂಜಿಯ ದಿನ ಎಲೆಯ ಮುಂದೆ ಕೂತು ಒಂದೊಂದನ್ನೂ ನಾಲಿಗೆಯ ಮೇಲಿಟ್ಟು ಕುಂದು ಹುಡುಕಿದೆ. ಸಿಗಲಿಲ್ಲ. ಅರಿಸಿನ ಎಲೆಯಲ್ಲಿ ಬೇಯಿಸಿದ ಸಿಹಿ ಕಡುಬು ಬಿಚ್ಚಿದಾಗ ಬಂದ ಪರಿಮಳಕ್ಕೆ ಕಣ್ಣು ತಾನಾಗಿ ಮುಚ್ಚಿತು. ಮುಚ್ಚಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಮಾರನೆಯ ಬೆಳಿಗ್ಗೆ ನೆಗೆಣ್ಣಿಯ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡರು. ಕನ್ನಡದ ನಡುವೆ ಮರಾಠಿ ನುಸುಳುವ ಮಾತು ಅವರದು.

"ಬಾಯೀ, ನಮ್ಮ ಹುಡುಗಿ ಸಂಕ್ರಾಂತಿಗೆ ಬಂದಾಗ ಬರೇ ನಿಮ್ಮದೇ ಮಾತು. ಅಕ್ಕನ ರೊಟ್ಟಿ ಕಾಗದದಂಗ ತೆಳ್ಳಗ, ಅಕ್ಕನ ಎಣಗಾಯಿ ಹಂಗ, ಹಿಂಗ. ಕೇಳಿ ಕೇಳಿ ಬಾಯಾಗ ನೀರು. ಜ್ವಾಳದ ಹಿಟ್ಟ ತರಿಸೀನಿ. ನಮಗೂ ಒಂದ್ಸಲ ಉಣಸ್ರಿ."

ನಾನು ನೆಗೆಣ್ಣಿಯತ್ತ ನೋಡಿದೆ. ಅವಳು ತಲೆ ಬಗ್ಗಿಸಿ ಬದನೆಕಾಯಿ ಆರಿಸುತ್ತಿದ್ದಳು.

ಹೆಂಚು ನನ್ನದಲ್ಲ, ಒಲೆ ನನ್ನದಲ್ಲ. ಆದರೂ ಮೊದಲ ರೊಟ್ಟಿಯೇ ಚೆಂಡಿನಂತೆ ಉಬ್ಬಿತು. ಹಿಂದಿನ ದಿನದ ಸಿಹಿಯೂಟದಿಂದ ಬಾಯಿ ಕೆಟ್ಟಿದ್ದ ನೆಂಟರು ವಾಸನೆ ಹಿಡಿದು ಒಬ್ಬೊಬ್ಬರಾಗಿ ಬಂದು ಸಾಲಿಗೆ ಕೂತರು. ಗಂಡಸರದಾಯಿತು, ಹೆಂಗಸರು ಕೂತರು. ನೆಗೆಣ್ಣಿಯ ತಾಯಿ ಎಣಗಾಯಿಯ ರಸಕ್ಕೆ ರೊಟ್ಟಿ ಅದ್ದಿ ಬಾಯಿಗಿಟ್ಟರು. "ಇನ್ನೊಂದು ಹಾಕ್ರಿ," ಅಂದರು. ಆಮೇಲೆ ಮಗಳ ಕಡೆ ತಿರುಗಿದರು.

"ನೋಡು, ಇದಕ್ಕ ಕೈಗುಣ ಅಂತಾರ. ಒಂದ ಮನ್ಯಾಗ ಇದ್ದು ಇಷ್ಟ ದಿನ ನೀ ಏನ ಕಲತಿ?"

ನೆಗೆಣ್ಣಿ ಅಮಸೂಲಿನ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. "ಸಾರ ಹಾಕಲೇನ, ಆಯಿ?"

"ಈಗ ಬ್ಯಾಡ. ರೊಟ್ಟಿ ಮುಗೀಲಿ."

ಅವಳು ಪಾತ್ರೆಯನ್ನು ಎದೆಗೆ ಒತ್ತಿಕೊಂಡು ಅಲ್ಲೇ ನಿಂತಳು. ಆ ಮುಖವನ್ನು ನಾನು ಕನ್ನಡಿಯಲ್ಲಿ ಎಂದೂ ಕಂಡಿರಲಿಲ್ಲ, ಆದರೂ ಗುರುತು ಹತ್ತಿತು. ಒಳಗೆ ಸಕ್ಕರೆ ತಿಂದಷ್ಟು ಸಂತೋಷವಾಯಿತು. ಒಂದು ರೊಟ್ಟಿ ಬೇಯುವಷ್ಟು ಹೊತ್ತು ಆ ಸಂತೋಷ ಇತ್ತು. ಮುಂದಿನದು ನನ್ನ ಕೈಯಲ್ಲೇ ಹರಿಯಿತು.

ತಿರುಗಿ ಬರುವಾಗ ರೈಲಿನಲ್ಲಿ ಮೈದುನ ಬಾಗಿಲ ಹತ್ತಿರ ಯಾರ ಜೊತೆಗೋ ಚರಕದ ವಾದಕ್ಕೆ ಬಿದ್ದಿದ್ದ. ನಾವಿಬ್ಬರೂ ಎದುರುಬದುರು ಕೂತಿದ್ದೆವು. ದೇಸೂರು ದಾಟುವವರೆಗೂ ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಅಕ್ಕಾ, ನಿಮ್ಮ ಮ್ಯಾಲೆ ನನಗ ಭಾಳ ಸಿಟ್ಟ ಬಂದದ," ಅಂದಳು ಕಡೆಗೆ.

"ಯಾಕ?"

"ನಾ ಮಾಡಿದ್ದ ಉಂಡು ನಮ್ಮ ಆಯಿ ಒಂದಿನಾನೂ 'ಇನ್ನೊಂದು ಹಾಕು' ಅಂದಿಲ್ಲ."

ನನ್ನ ಬಾಯಿಂದಲೂ ಮಾತು ಹೊರಬಿತ್ತು. "ಮಾವನೋರೂ ನನಗ ಒಂದಿನಾನೂ ಅಂದಿದ್ದಿಲ್ಲ. ನಿನಗ ಮೊದಲ ದಿನಾನ ಅಂದ್ರು."

ಅವಳು ನನ್ನನ್ನು ದಿಟ್ಟಿಸಿದಳು. "ಅದಕ್ಕೇನ್ರೀ ನನಗ ರೊಟ್ಟಿ ಬಡಿಯೂದ ಕಲಿಸಲಿಲ್ಲ?"

"ಹೂಂ."

"ಹೋಗ್ಲಿ ಬಿಡ್ರಿ. ನಾನೂ ಸಾರಿಗೆ ಏನೇನ ಹಾಕತೀನಿ ಅಂತ ನಿಮ್ಮ ಮುಂದ ಪೂರ್ತಾ ಹೇಳಿಲ್ಲ."

ನಮ್ಮ ನಗು ಕೇಳಿ ಮೈದುನ ವಾದ ಬಿಟ್ಟು ತಿರುಗಿ ನೋಡಿದ.

ಹೊಟ್ಟೆಕಿಚ್ಚು ಒಂದು ನಗುವಿಗೆ ಆರುವ ಬೆಂಕಿಯಲ್ಲ. ಮನೆಗೆ ಬಂದ ಮೇಲೂ ಅದು ಬೂದಿಯ ಕೆಳಗೆ ಇತ್ತು, ಅವಳಲ್ಲೂ ಇತ್ತು. ಆದರೆ ಈಗ ಬಯಲಿಗೆ ಬಂದಿತ್ತು. ಒಂದೇ ತಾಟಿನಲ್ಲಿ ಇಬ್ಬರದೂ ಬಡಿಸೋಣ, ಮಾವ ಯಾವುದನ್ನು ಎರಡನೆಯ ಸಲ ಕೇಳುತ್ತಾರೋ ನೋಡೇಬಿಡೋಣ ಎಂದು ಅವಳೇ ಪಂಥ ಕಟ್ಟಿದಳು. ರೊಟ್ಟಿ, ಎಣಗಾಯಿ ಎಡಕ್ಕೆ. ಅನ್ನ, ತೊವ್ವೆ, ಸಾರು ಬಲಕ್ಕೆ. ನಾನು ಒಂದು ಪಕ್ಕ, ಅವಳು ಒಂದು ಪಕ್ಕ. ಮಾವ ಏನನ್ನೂ ಎರಡನೆಯ ಸಲ ಕೇಳಲಿಲ್ಲ. ಎಲ್ಲವನ್ನೂ ಉಂಡು, ಕೈ ತೊಳೆದು, ಕಂಬಕ್ಕೆ ಒರಗಿ ಕೂತರು.

"ಎರಡೂ ಚೊಲೊ ಅದಾವು," ಅಂದರು. ಅಡಿಕೆ ಚೂರು ಬಾಯಿಗೆ ಹಾಕಿಕೊಂಡು, "ಆದ್ರ ನಿಮ್ಮತ್ತಿ ವಿಜಾಪುರ ಕಡಿಯಾಕಿ. ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚಿ ಮಾಡತಿದ್ಲು. ಮಡಕಿ ಕಾಳಿನ ಪಲ್ಯ, ಅಗಸಿ ಚಟ್ನಿ, ಮ್ಯಾಲೆ ಬೆಣ್ಣಿ. ಅಂಥಾ ತಾಟ ಮತ್ತ ನನಗ ಸಿಗಲಿಲ್ಲ."

ಅಡುಗೆಮನೆಗೆ ಬಂದ ಮೇಲೆ ನೆಗೆಣ್ಣಿ ನನ್ನ ತೋಳು ಹಿಡಿದಳು. "ಸತ್ತಾಕಿ ಮುಂದ ಹೆಂಗ ಗೆಲ್ಲೂದ್ರೀ, ಅಕ್ಕಾ?"

ಚಳಿ ಬಿದ್ದ ಮೇಲೆ ಸಂತೆಯಿಂದ ಸಜ್ಜೆ ತರಿಸಿದೆವು. ನಾನು ಅವಳ ಕೈ ಹಿಡಿದು ಬಡಿಯಲು ಕಲಿಸಿದೆ, ಅವಳು ಎಳ್ಳು ಒತ್ತಿದಳು. ಮಾವ ಮುರಿದು ತಿಂದರು. "ಚೊಲೊ ಆಗ್ಯಾವ. ಆದ್ರ ಅಕಿ ಎರಡೂ ಬಾಜು ಎಳ್ಳ ಹಚ್ಚತಿದ್ಲು." ಮುಂದಿನ ಸಲ ಎರಡೂ ಕಡೆ ಹಚ್ಚಿದೆವು. "ಅಕೀ ಬೆಣ್ಣಿ ಇನ್ನೂ ಬೆಳ್ಳಗಿರತಿತ್ತು," ಅಂದರು.

ಅಂದು ಗಂಡಸರ ಊಟ ಮುಗಿದ ಮೇಲೆ ನಾವಿಬ್ಬರೂ ಒಂದೇ ತಾಟು ಹಾಕಿಕೊಂಡು ಕೂತೆವು. ನೆಗೆಣ್ಣಿ ಸಜ್ಜೆ ರೊಟ್ಟಿಗೆ ಬೆಣ್ಣೆ ಸವರಿ, ಮಡಕೆ ಕಾಳು ಇಟ್ಟು ಮಡಚಿ, ಅರ್ಧ ನನಗೆ ಕೊಟ್ಟು ಅರ್ಧ ತಾನು ಕಚ್ಚಿದಳು. ಬಹಳ ಹೊತ್ತು ಅಗಿದಳು.

"ಏನ ಅನ್ರಿ ಅಕ್ಕಾ, ಖರೇನ ಚೊಲೊ ಅದ ಇದು."

"ಹೌದು," ಅಂದೆ. "ಅದಕ್ಕ ಮತ್ತಷ್ಟ ಸಿಟ್ಟ ಬರತದ."