ಪ್ರಬಂಧದಲ್ಲಿ ಬರೆಯದ ಸೋಲು

“ಸಾರ್, ಈ ಬಣ್ಣ ಮಳೆಗಾಲದಲ್ಲಿ ನಿಲ್ಲಲ್ಲ. ಹಪ್ಪಳದ ಥರ ಎದ್ದು ಬರತ್ತೆ,” ಎಂದು ಸವಿತಾ ಹೇಳಿದಾಗ ಪಕ್ಕದಲ್ಲಿದ್ದ ನಾನು ಬೆಚ್ಚಿ ಅವಳತ್ತ ತಿರುಗಿದೆ. ತುಕ್ಕು ತಡೆಯುವ ತಮ್ಮ ಹೊಸ ಬಣ್ಣವನ್ನು ಪೀಣ್ಯದ ಆ ಕಾರ್ಖಾನೆಯ ಮಾಲೀಕರು ಆಗಷ್ಟೇ ಅದರಲ್ಲಿ ಏನೇನು ಬೆರೆಸಿದ್ದೇವೆಂದು ವಿವರಿಸಿ, ಹೊಗಳಿ ಮುಗಿಸಿದ್ದರು. ಅವಳು ಬಂದದ್ದು ಅವರಲ್ಲಿ ಕೆಲಸ ಕೇಳಲು!

ಸವಿತಾ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಸುತ್ತಿದ್ದವಳು. ಕಾಲೇಜಿನ ಹೊರಗೆ ಕೆಲಸ ಹುಡುಕುವ ಇಂಥ ಮಕ್ಕಳಿಗೆ ದಾರಿ ತೋರಿಸುವುದು ನಿವೃತ್ತಿಯ ನಂತರ ನಾನು ಹಚ್ಚಿಕೊಂಡ ಕೆಲಸ. ಹೋದಲ್ಲೆಲ್ಲ ಓದು ಜಾಸ್ತಿಯಾಯಿತೆಂದು ಅವಳನ್ನು ವಾಪಸು ಕಳಿಸಿದ್ದರು. ಸೋತ ಪ್ರಯೋಗಗಳನ್ನೂ ಧೈರ್ಯವಾಗಿ ಹೇಳಮ್ಮ ಎಂದು ಕಲಿಸಿದವನು ನಾನೇ; ಆದರೆ ಹೀಗೆ ಮಾಲೀಕರ ಮುಖಕ್ಕೇ ಹೇಳಿಯಾಳೆಂದು ಎಣಿಸಿರಲಿಲ್ಲ.

ಮಾಲೀಕರು ಹುಬ್ಬು ಗಂಟಿಕ್ಕಿದರು. “ನಿಂಗೆ ಹೆಂಗಮ್ಮ ಗೊತ್ತು?”

“ವರ್ಷಗಟ್ಟಲೆ ಇದನ್ನೇ ಮಾಡಿ ಸೋತಿದೀನಿ ಸಾರ್. ಆಗ್ಲಿಲ್ಲ ಅಂತ ಪ್ರಬಂಧದಲ್ಲೂ ಬರೀಲಿಲ್ಲ. ಯಾಕೆ ಆಗಲ್ಲ ಅನ್ನೋದು ಮಾತ್ರ ಚೆನ್ನಾಗಿ ಗೊತ್ತು.”

ಅವರು ಎದ್ದು ಹೋಗಿ, ಬಣ್ಣ ಹಚ್ಚಿದ ತಗಡೊಂದನ್ನು ತಂದು ಉಗುರಿನಿಂದ ಕೆರೆದರು. ಬಣ್ಣ ಪೊರೆಯಂತೆ ಸುಲಿದು ಬಂತು. “ನಾವೂ ಯಾರಿಗೂ ಹೇಳ್ದೆ ಇದಕ್ಕೇ ತಲೆ ಬಡ್ಕೋತಿದೀವಿ ಕಣಮ್ಮ. ಸೋಮವಾರದಿಂದ ಬಂದ್ಬಿಡು!”

ಈಗ ನನ್ನ ಬಳಿ ಬರುವ ಮಕ್ಕಳನ್ನು ಮೊದಲು ಕೇಳುವುದು, ಯಾವುದರಲ್ಲಿ ಸೋತಿರಿ ಎಂದು. ಅವರು ತಲೆ ತಗ್ಗಿಸಿದರೆ ಸವಿತಾಳ ಕತೆ ಹೇಳುತ್ತೇನೆ. ಹೇಳುವಾಗ ಮಗಳ ಮದುವೆಯಲ್ಲಿ ಹೋಳಿಗೆ ಬಡಿಸುವವನ ಹಾಗೆ ಬೀಗುತ್ತೇನೆಂದು ನನ್ನ ಹೆಂಡತಿ ಒಳಗಿನಿಂದಲೇ ನಗುತ್ತಾಳೆ.