ಬೋಗಾಣಿಯ ಒಳಗಿನ ಬಂಗಾರ

ನವಸಾಗರದ ಹೊಗೆ ಮೂಗಿಗೆ ಬಡಿದಾಗ ನಾನು ಕುಮಟಾದಲ್ಲಿ, ನಾದಿನಿಯ ಹೊಸ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಗಂಟಲು ಹಿಡಿಯುವ ಆ ಬಿಳಿ ಹೊಗೆಯ ವಾಸನೆ ಮೂಸಿ ಎಷ್ಟೋ ವರ್ಷವಾಗಿತ್ತು... ಅಂಗಳದಲ್ಲಿ ಒಬ್ಬ ಮನುಷ್ಯ ಇದ್ದಿಲಿನ ಒಲೆ ಹೂಡಿಕೊಂಡು, ನಮ್ಮ ಅತ್ತೆಯ ಹಿತ್ತಾಳೆ ಬೋಗಾಣಿಯ ಒಳಗೆ ನವಸಾಗರ ಉದುರಿಸಿ ತವರದ ಕಲಾಯಿ ಹಾಕುತ್ತಿದ್ದ.

ನಾದಿನಿ ಅಂದರೆ ನನ್ನ ಗಂಡನ ಕೊನೆಯ ತಂಗಿ. ಅವಳ ಗಂಡನಿಗೆ ಆ ಕಡೆಗೇ ಕೆಲಸ ಇದ್ದದ್ದರಿಂದ ಸಮುದ್ರದ ಹತ್ತಿರ ಒಂದು ಮನೆ ಕೊಂಡರು. ರಾಯಚೂರಿನ ಬಿಸಿಲಲ್ಲಿ ಬೆಂದ ನನಗೆ ಇವರಿಗೇನು ಹುಚ್ಚೋ ಅನ್ನಿಸಿತ್ತು. ಕಿಟಕಿಯ ಸರಳು ವರ್ಷದೊಳಗೆ ತುಕ್ಕು, ಡಬ್ಬಿಯೊಳಗಿನ ಉಪ್ಪು ನೀರು, ಹಪ್ಪಳ ಎಷ್ಟು ಒಣಗಿಸಿದರೂ ಮೆತ್ತಗೆ. ಇಂಥ ಕಡೆ ಯಾರಾದರೂ ದುಡ್ಡು ಕೊಟ್ಟು ಮನೆ ತಗೊಳ್ಳುತ್ತಾರೆಯೇ? ಹಾಗಂತ ಅವಳ ಮುಂದೆಯೇ ಅಂದೆ. ಅವಳು ನಕ್ಕು, "ಅವ್ವನ ಬೋಗಾಣಿ ಕೊಡು ಅತ್ತಿಗಿ, ನನ್ನ ಹೊಸಾ ಅಡಿಗಿಮನ್ಯಾಗ ಇರಲಿ" ಅಂದಳು. ನನ್ನ ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟದ್ದನ್ನು ಇಳಿಸಿ ಕೊಟ್ಟೆ. ನಾಲ್ಕೇ ತಿಂಗಳ ಉಪ್ಪುಗಾಳಿಗೆ ಅದರ ಒಳಗೆಲ್ಲ ಹಸಿರು ಕಿಲುಬು ಬಂದಿತ್ತು. ಅದಕ್ಕೇ ಈ ಕಲಾಯಿಯವನನ್ನು ಹುಡುಕಿ ಕರೆಸಿದ್ದಳು.

ಕರೆಸಿ, ಅವನ ಮುಂದೆ ಕಾವಲು ನಿಂತಿದ್ದಳು.

"ನನ್ನ ಕಣ್ಣ ಮುಂದ ಹಾಕ್ರಿ. ನಮ್ಮೂರಾಗ ಒಬ್ಬ ಕಳ್ಳ ಇದೇ ಬೋಗಾಣಿಗೆ ಸುಳ್ಳ ಕಲಾಯಿ ಹಾಕಿ ನನ್ನ ಜೀವಾನ ತಗೀತಿದ್ದ" ಅಂದಳು.

ಈ ಮಾತನ್ನು ಅವಳು ತನ್ನ ಗಂಡನಿಗೆ, ಮಕ್ಕಳಿಗೆ, ಬೀಗರಿಗೆ ಹೇಳುವುದನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಪ್ರತಿ ಸಲವೂ ಏಳುವುದಕ್ಕೆ ಏನಾದರೂ ನೆಪ ಹುಡುಕಿದ್ದೇನೆ. ಅವತ್ತು ಮಾತ್ರ ಏಳಲಿಲ್ಲ...

ಆ 'ಕಳ್ಳ'ನನ್ನು ನಾವು ಕಲಾಯಿ ಚಾಚಾ ಅನ್ನುತ್ತಿದ್ದೆವು.

ಎಪ್ಪತ್ತರ ದಶಕದ ಕೊನೆ. ನಾನು ದೇವದುರ್ಗದಿಂದ ರಾಯಚೂರಿಗೆ ಸೊಸೆಯಾಗಿ ಬಂದು ಮೂರು ತಿಂಗಳಾಗಿತ್ತು. ತವರಿನಲ್ಲಿ ಅಡಿಗೆಯೆಲ್ಲ ಮಣ್ಣಿನ ಗಡಿಗೆಯಲ್ಲಿ, ಇಲ್ಲವೇ ಜರ್ಮನ್ ಅಂತ ಕರೆಯುವ ಅಲ್ಯೂಮಿನಿಯಂ ಪಾತ್ರೆಯಲ್ಲಿ. ಹಿತ್ತಾಳೆ ಅಂತ ಇದ್ದದ್ದು ನೀರಿನ ಕೊಡ ಒಂದೇ. ಅದನ್ನು ನಮ್ಮವ್ವ ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ತಿಕ್ಕಿ ಮುಖ ಕಾಣುವಂತೆ ಮಾಡುತ್ತಿದ್ದಳು. ಹಿತ್ತಾಳೆ ಅಂದರೆ ಹಳದಿ ಹೊಳೆಯಬೇಕು, ಅಷ್ಟೇ ನನಗೆ ಗೊತ್ತಿದ್ದ ವಿದ್ಯೆ.

ಅತ್ತೆಯ ಅಡಿಗೆಮನೆಯೋ, ಅದೊಂದು ಬೇರೆ ರಾಜ್ಯ. ಕೈ ಒರೆಸುವ ಅರಿವೆ ಬೇರೆ, ಪಾತ್ರೆ ಒರೆಸುವುದು ಬೇರೆ, ಒಲೆಕಟ್ಟೆಯದು ಬೇರೆ. ಮೂರೂ ಕಲಸಿದರೆ ಮುಗಿಯಿತು ನಿಮ್ಮ ಕಥೆ. ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸಬೇಕು. ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದು ಎದುರಿಗೆ ನಿಂತವರ ಮುಖ ಮಸುಕಾಗಿತ್ತು. ಆದರೂ ಅವರಿಗೆ ಮೋಸ ಮಾಡುವುದು ಸಾಧ್ಯವಿರಲಿಲ್ಲ. ನಾನು ತೊಳೆದಿಟ್ಟ ಪ್ರತಿ ಪಾತ್ರೆಯ ಒಳಗೂ ಬೆರಳಾಡಿಸಿ, ಬೆರಳನ್ನು ಮೂಗಿಗೆ ಹಿಡಿಯುತ್ತಿದ್ದರು. ಜಿಡ್ಡು ತಾಗಿದರೆ ಪಾತ್ರೆ ಮತ್ತೆ ಬಚ್ಚಲಿಗೆ.

ಆ ಮನೆಯ ದೊಡ್ಡ ಬೋಗಾಣಿಯ ಒಳಭಾಗ ಕರ್ರಗೆ, ಮಾಸಿದ ಬೂದಿಬಣ್ಣಕ್ಕಿತ್ತು. ಹೊರಗೆ ಹಳದಿ, ಒಳಗೆ ಕಪ್ಪು. ಯಾವ ಕಾಲದ ಹೊಲಸೋ ಅಂದುಕೊಂಡೆ. ಇಷ್ಟು ಮಡಿ ಮಾಡುವ ಅತ್ತೆಗೆ ಕಣ್ಣು ಕಾಣದೆ ಇದೊಂದು ಉಳಿದುಬಿಟ್ಟಿದೆ, ನಾನು ತೆಗೆದರೆ ಒಂದು ಒಳ್ಳೆಯ ಮಾತಾದರೂ ಬಂದೀತು ಅಂತ ಆಸೆ. ದಿನಾ ಮುಂಜಾನೆ ಬಚ್ಚಲಲ್ಲಿ ಕೂತು ಇಟ್ಟಂಗಿ ಪುಡಿ ಹಾಕಿ ತಿಕ್ಕಿದೆ. ಉಗುರಿನ ಸಂದಿಯೆಲ್ಲ ಕೆಂಪಾಗಿ, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ತಿಂಗಳೆರಡು ತಿಂಗಳಲ್ಲಿ ಬೂದಿಬಣ್ಣದ ಕೆಳಗಿಂದ ಬಂಗಾರ ಇಣುಕಿತು. ಆ ದಿನ ನನಗಾದ ಖುಷಿಯನ್ನು ಈಗ ನೆನೆದರೆ ಮೈ ಝುಮ್ಮೆನ್ನುತ್ತದೆ.

ಅವತ್ತು ಪುಂಡಿಪಲ್ಯ. ಹಿಂದಿನ ಸಂಜೆ ನುಚ್ಚು, ಬೇಳೆ, ಹಸಿಮೆಣಸಿನಕಾಯಿ ಹಾಕಿ ಮಾಡಿ ಅದೇ ಬೋಗಾಣಿಯಲ್ಲಿ ಬಿಟ್ಟಿದ್ದೆ. ಮರುದಿನಕ್ಕೆ ಪುಂಡಿಸೊಪ್ಪಿನ ಹುಳಿ ಕೂತು ರುಚಿ ಹೆಚ್ಚುತ್ತದೆ. ನಾದಿನಿಗೆ ಆಗ ಏಳು ವರ್ಷ. ಮಧ್ಯಾಹ್ನ ಸಾಲೆಯಿಂದ ಓಡಿಬಂದವಳು ಎರಡು ರೊಟ್ಟಿಗೆ ಆಗುವಷ್ಟು ಪಲ್ಯ ಬಡಿಸಿಕೊಂಡು, ಮತ್ತೂ ಕೇಳಿ ತಿಂದಳು. ಅತ್ತೆ ಒಂದು ತುತ್ತು ಬಾಯಿಗಿಟ್ಟು, "ಯಾಕೋ ಒಗರಾಗ್ಯದಲ್ಲ" ಅಂತ ತಾಟು ಸರಿಸಿದರು. ನಾನಿನ್ನೂ ಉಂಡಿರಲಿಲ್ಲ.

ಹುಡುಗಿ ತಿರುಗಿ ಸಾಲೆಗೆ ಹೋಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಅಂಗಳದಲ್ಲೇ ಕುಸಿದಳು. ವಾಂತಿ ಹಸಿರಾಗಿತ್ತು. ಪುಂಡಿಯ ಹಸಿರಲ್ಲ, ಬೇರೆ ಏನೋ ಹಸಿರು. ಕೈಕಾಲು ಐಸಿನಂತೆ ತಣ್ಣಗಾಗಿ, ಕಣ್ಣು ಮೇಲೆ ಹೋದವು. ಯಾರೋ ಓಡಿ ಟಾಂಗಾ ತಂದರು. ದವಾಖಾನೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ, "ಯಾವ ಪಾತ್ರಿಯೊಳಗ ಇಟ್ಟಿದ್ರಿ?" ಸಲೈನ್ ಏರಿಸಿದರು. ಇವತ್ತಿನ ದಿನ ದಾಟಿದರೆ ನೋಡೋಣ ಅಂದರು. ನಾನು ಗೋಡೆಗೆ ಆತುಕೊಂಡು ನಿಂತವಳು ನಿಂತೇ ಇದ್ದೆ. ಏನು ಮಾಡಿದ್ದೇನೆಂದು ನನಗೆ ಆಗಲೂ ತಿಳಿದಿರಲಿಲ್ಲ.

ಮೂರನೆಯ ದಿನ ಹುಡುಗಿ ಎದ್ದು ಕೂತು ಗಂಜಿ ಕುಡಿದಳು. ಮನೆಗೆ ಬಂದ ಕೂಡಲೇ ನನ್ನ ಗಂಡ ಬೋಗಾಣಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ಒಳಗೆ ಕಲಾಯಿಯೇ ಇಲ್ಲ! ಬರೀ ಹಳದಿ ಹಿತ್ತಾಳೆ, ಹುಳಿ ತಾಗಿದಲ್ಲೆಲ್ಲ ವಿಷದ ಕಿಲುಬು. ನಮ್ಮ ಲಗ್ನಕ್ಕೆಂದು ಕಲಾಯಿ ಚಾಚಾ ಹಾಕಿಕೊಟ್ಟು ಇನ್ನೂ ನಾಲ್ಕು ತಿಂಗಳಾಗಿರಲಿಲ್ಲ. ಅತ್ತೆ ನನ್ನನ್ನು ಕರೆದು ಕೇಳಿದರು.

"ನೀ ಈ ಮನಿಗೆ ಬಂದಾಗ ಇದರೊಳಗ ಬೆಳ್ಳಗಿತ್ತೇನು?"

"ಇಲ್ರೀ, ಕರ್ರಗಿತ್ತು" ಅಂದೆ.

ಸುಳ್ಳು ಹೇಳಲಿಲ್ಲ. ಕರ್ರಗೇ ಇತ್ತು. ಲಗ್ನದ ಅಡಿಗೆಯ ಬೆಂಕಿ, ಹುಳಿ ತಾಗಿದರೆ ಹೊಸ ಕಲಾಯಿಯೂ ಬಣ್ಣಗೆಟ್ಟು ಹಾಗೇ ಕಾಣುತ್ತದೆ ಅಂತ ಕಲಾಯಿಯನ್ನೇ ನೋಡದ ನನಗೆ ಹೇಗೆ ಗೊತ್ತಿರಬೇಕು? ಆದರೆ ಆ ಒಂದು ಮಾತು ಸಾಕಾಯಿತು. ಸೀಸ ಬೆರೆಸಿ ಮೋಸ ಮಾಡಿದ್ದಾನೆ, ಹಾಕಿದ ದಿನವೇ ಕರಿದಾಗಿದೆ ಅಂತ ಓಣಿಯೆಲ್ಲ ತೀರ್ಮಾನವಾಯಿತು.

ಚಾಚಾ ಹದಿನೈದು ದಿನಕ್ಕೊಮ್ಮೆ ನಮ್ಮ ಓಣಿಯ ಬೇವಿನಮರದ ಕೆಳಗೆ ನೆಲ ತೋಡಿ, ಗಾಳಿ ಊದುವ ತಿದಿ ಹೂಡುತ್ತಿದ್ದ. ಮನೆಯಲ್ಲಿ ದಖ್ಖನಿ, ಓಣಿಯಲ್ಲಿ ನಮ್ಮೆಲ್ಲರಿಗಿಂತ ಚೆಂದದ ಕನ್ನಡ. ಪಾತ್ರೆಯೊಳಗೆ ಉಸುಕು, ಚಿಂದಿ ಹಾಕಿ, ಬರಿಗಾಲಲ್ಲಿ ನಿಂತು, ಗೋಡೆ ಹಿಡಿದು ಸೊಂಟ ತಿರುಗಿಸುತ್ತ ಉಜ್ಜುತ್ತಿದ್ದನಂತೆ. ಹುಡುಗರೆಲ್ಲ ಸುತ್ತ ನಿಂತು ಕುಣಿಯುತ್ತಿದ್ದರಂತೆ. ನಾನು ಹೊಸ ಸೊಸೆ, ತಲೆಬಾಗಿಲು ದಾಟುವ ಹಾಗಿರಲಿಲ್ಲ. ಒಳಗಿಂದ ಅವನ ಕೂಗಷ್ಟೇ ಕೇಳಿದ್ದೆ. ಆ ಸಲ ಬಂದವನನ್ನು ಮರದ ಕೆಳಗೆ ಕೂರಲು ಬಿಡದೆ ಸೀದಾ ನಮ್ಮ ಅಂಗಳಕ್ಕೇ ಕರೆತಂದರು.

ಹತ್ತು ಜನ ಒಟ್ಟಿಗೆ ಬೈಯುತ್ತಿದ್ದರು. ಅವನು ಬೋಗಾಣಿಯನ್ನು ಎತ್ತಿ ಒಳಗೆ ನೋಡಿದ. ಹೆಬ್ಬೆರಳಿಂದ ಒಂದು ಕಡೆ ಸವರಿದ. ಆಮೇಲೆ ತಲೆ ಎತ್ತಿ ನೋಡಿದ್ದು ಬೈಯುವವರನ್ನಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ನನ್ನನ್ನು. ನನ್ನ ಮುಖವನ್ನೂ ಅಲ್ಲ, ಕೈಯನ್ನು.

"ನಂದೇ ಗಲತಿ ಆಗ್ಯದ ಯವ್ವಾ. ಮತ್ತ ಹಾಕಿಕೊಡತೀನಿ" ಅಂದ.

ಅಂಗಳದಲ್ಲೇ ಒಲೆ ಹೂಡಿದ. ಬೋಗಾಣಿ ಕಾದಾಗ ಒಳಗೆ ನವಸಾಗರ ಉದುರಿಸಿದ. ಬಿಳಿ ಹೊಗೆ ಬುಸ್ಸೆಂದು ಎದ್ದಿತು. ತವರದ ಕಡ್ಡಿ ತಾಗಿಸಿ, ಹತ್ತಿಯಿಂದ ಸರ್ರನೆ ಒರೆಸಿದ. ನಾನು ಎರಡು ತಿಂಗಳು ಕೂತು ತಿಕ್ಕಿ ತೆಗೆದಿದ್ದ ಬಂಗಾರ ನನ್ನ ಕಣ್ಣೆದುರಿಗೇ ಬೆಳ್ಳಿಯ ಕೆಳಗೆ ಮುಚ್ಚಿಹೋಯಿತು.

ಅಂದರೆ ಆ ಬೂದಿಬಣ್ಣ ಹೊಲಸಾಗಿರಲಿಲ್ಲ. ಅದೇ ಕಲಾಯಿ. ನಾನು ತಿಕ್ಕಿದ್ದೇ ಅದನ್ನು. ಆ ಮಗುವಿಗೆ ವಿಷ ಉಣ್ಣಿಸಿದವಳು ನಾನು! ಹೊಸ್ತಿಲ ಮೇಲೆ ಕೂತುಬಿಟ್ಟೆ. ಬಾಯಿ ತೆರೆದರೆ ಮುಗಿಯುತ್ತಿತ್ತು. ಅವನಿನ್ನೂ ಅಲ್ಲೇ ಇದ್ದ, ತಿದಿ ಮಡಚುತ್ತಿದ್ದ, ಹಿತ್ತಾಳೆಯ ಪುಡಿ ಮೆತ್ತಿದ ಅವನ ಹಿಮ್ಮಡಿ ಹೊಳೆಯುತ್ತಿತ್ತು. ನಾನು ಬಾಯಿ ತೆರೆಯಲಿಲ್ಲ. ಮೂರು ತಿಂಗಳ ಸೊಸೆ, ಆ ಮನೆಯ ಕೂಸನ್ನು ಸಾವಿನ ಬಾಯಿಗೆ ಹಾಕಿದ್ದೆ ಅಂದರೆ ಅವತ್ತೇ ನನ್ನನ್ನು ದೇವದುರ್ಗದ ಬಸ್ಸಿಗೆ ಹತ್ತಿಸುತ್ತಿದ್ದರು. ಉಗುರು ಇನ್ನೂ ಕೆಂಪಾಗಿದ್ದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅವನು ಹೋದ. ಮತ್ತೆ ನಮ್ಮ ಓಣಿಯಲ್ಲಿ ಅವನ ಕೂಗು ಕೇಳಲಿಲ್ಲ.

ನನ್ನ ಕಥೆಯೋ, ಉಲ್ಟಾ ಆಯಿತು. "ನನಗ ಕಣ್ಣಿಲ್ಲ, ಆದ್ರ ನನ್ನ ಸೊಸಿ ಚುರುಕ. ಕರ್ರಗಿತ್ತು ಅಂತ ಆಕೀನೇ ಹೇಳಿದ್ಲು" ಅಂತ ಅತ್ತೆ ಬಂದವರೆದುರಿಗೆಲ್ಲ ಹೊಗಳಿದರು. ಬಯಸಿದ್ದ ಒಳ್ಳೆಯ ಮಾತು ಬಂದಿತ್ತು... ಬೋಗಾಣಿಯ ಒಳಗನ್ನು ಮಾತ್ರ ಅಲ್ಲಿಂದ ಮುಂದೆ ಮೆತ್ತನೆ ಬಟ್ಟೆಗೆ ಬೂದಿ ಹಾಕಿ ತೊಳೆದೆ.

ಏಳೆಂಟು ವರ್ಷವಾದ ಮೇಲೆ ನನ್ನ ಗಂಡನಿಗೆ ಮಾನ್ವಿಗೆ ವರ್ಗವಾಯಿತು. ಸೀಮೆಎಣ್ಣೆ ಸ್ಟೋವ್ ಕೆಟ್ಟಿತ್ತು. ರಿಪೇರಿಗೆಂದು ಸಂತೆ ಕಡೆ ಹೋದರೆ ಬಸ್‌ಸ್ಟ್ಯಾಂಡಿನ ಹತ್ತಿರ ಗೋಣಿತಟ್ಟು ಹಾಸಿಕೊಂಡು ಸ್ಟೋವಿನ ಪಿನ್ನು ಹಾಕುತ್ತ ಕೂತಿದ್ದವನು ಅವನೇ. ತಿರುಗಿ ಹೋಗಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅವನು ನೋಡಿದ. ಮತ್ತೆ ಅದೇ, ಮೊದಲು ಕೈ, ಆಮೇಲೆ ಮುಖ.

"ಉಗರು ಸ್ವಚ್ಛ ಆಗ್ಯಾವಲ್ಲ, ಬೇಟಿ" ಅಂದ.

ನಾನು ದಂಗಾದೆ. ಅವನಿಗೆ ಅವತ್ತೇ ಗೊತ್ತಿತ್ತು! ಜನರ ನಡುವೆ, ನಿಂತಲ್ಲೇ ಕಣ್ಣೀರು ಕಿತ್ತುಬಂತು.

"ಮತ್ತ್ಯಾಕ ಹೇಳಲಿಲ್ಲ ಚಾಚಾ?"

"ನನಗ ಇನ್ನೊಂದು ಓಣಿ ಸಿಗತಿತ್ತು. ನಿನಗ ಇನ್ನೊಂದು ಮನಿ ಎಲ್ಲಿ ಸಿಗಬೇಕು?" ಅಂದ. ಸ್ವಲ್ಪ ಹೊತ್ತು ಪಿನ್ನು ಹಾಕಿದ. "ಒಂದ ಓಣಿ ಹೋಗತದ ಅಂತ ತಿಳಕೊಂಡಿದ್ದೆ. ಊರಿಗಿ ಊರ ಹೋತು. ಕೂಸಿಗೆ ವಿಷ ಹಾಕಿದಾಂವ ಅಂತ ಬಾಗಲಾ ಹಾಕಿಕೊಂಡ್ರು. ಸಿಟ್ಟು ಬಂದಿಲ್ಲೇನು? ನಿನ್ನ ಮ್ಯಾಲ ಭಾಳ ಬಂದಿತ್ತು."

ಅತ್ತೆಗೆ ಇವತ್ತೇ ಕಾಗದ ಬರೆಯುತ್ತೇನೆ ಅಂದೆ. ಅವನು ಕೈಯಾಡಿಸಿದ.

"ದೊಡ್ಡವರಿಗೆ ಬ್ಯಾಡ, ನಿನ್ನ ಸಂಸಾರ ಕೆಡತದ. ಆ ಹುಡುಗಿ ಹೆಂಗದಾಳ? ದೊಡ್ಡಾಕಿ ಆದ ಮ್ಯಾಲ ಆಕಿಗೊಬ್ಬಾಕಿಗೆ ಹೇಳು. ಆಕಿ ಊಟದಾಗ ನಾ ವಿಷ ಹಾಕಿಲ್ಲ ಅಂತ ಆಕಿಗೆ ಗೊತ್ತಾಗಬೇಕು. ಅಷ್ಟ ಸಾಕು ನನಗ."

ಸ್ಟೋವ್ ಮುಟ್ಟಿ ಆಣೆ ಮಾಡಿ ಮಾತು ಕೊಟ್ಟೆ. ಮುಂದಿನ ಸಂತೆಗೆ ಹೋದಾಗ ಅವನು ಅಲ್ಲಿರಲಿಲ್ಲ. ಅದರ ಮುಂದಿನ ಸಂತೆಗೂ ಇರಲಿಲ್ಲ...

ಮಾತು ಉಳಿಸಿಕೊಂಡೆನೇ? ಇಲ್ಲ. ಅತ್ತೆ ಇರುವತನಕ ಬೇಡ ಅಂದುಕೊಂಡೆ. ಅತ್ತೆ ಹೋದರು. ಹುಡುಗಿಯ ಲಗ್ನವಾಗಲಿ ಅಂದುಕೊಂಡೆ, ಆಯಿತು. ಅಷ್ಟರಲ್ಲಿ ಅದು ಅವಳ ಬಾಯಲ್ಲಿ ನಗಿಸುವ ಕಥೆಯಾಗಿತ್ತು, ಅವಳ ಮಕ್ಕಳು ಕಲಾಯಿ ಕಳ್ಳನ ಕಥೆ ಹೇಳು ಅಂತ ಪೀಡಿಸುತ್ತಿದ್ದರು. ನಡುವೆ ಬಾಯಿ ಹಾಕುವ ಧೈರ್ಯ ನನಗೆ ಬರಲಿಲ್ಲ. ಹೇಡಿ ನಾನು, ಬೇರೆ ಶಬ್ದ ಹುಡುಕುವುದಿಲ್ಲ.

ಕುಮಟಾದ ಅಂಗಳದಲ್ಲಿ ಕೆಲಸ ಮುಗಿದಿತ್ತು. ಕಲಾಯಿಯವನು ಹೊಳೆಯುವ ಬೋಗಾಣಿಯನ್ನು ನಾದಿನಿಯ ಕೈಗಿಟ್ಟು, "ಒಳಗೆ ತಂತಿಬ್ರಶ್ಶು, ಪುಡಿ ಎಲ್ಲ ಹಾಕಿ ತಿಕ್ಕಬೇಡಿ ಅಮ್ಮಾ. ಗೊತ್ತಿಲ್ಲದವರು ತಿಕ್ಕಿ ತಿಕ್ಕಿ ಕಲಾಯಿ ತೆಗೀತಾರೆ, ಬೈಗುಳ ನಮಗೆ" ಅಂದ.

"ಹೌದೌದು" ಅಂತ ಅವಳು ನಕ್ಕಳು.

ಚಹಾದ ಕಪ್ಪು ಕೆಳಗಿಟ್ಟೆ. "ನಮ್ಮೂರಾಗಿನಾಂವ ಕಳ್ಳ ಅಲ್ಲ" ಅಂದೆ. "ಚಲೋ ಕಲಾಯಿನೇ ಹಾಕಿದ್ದ. ತಿಕ್ಕಿ ತಗದಾಕಿ ನಾನು. ನಿನಗ ವಿಷ ಉಣಿಸಿದಾಕಿ ನಾನು."

ಅವಳ ನಗು ಮುಖದಲ್ಲಿ ಹಾಗೇ ನಿಂತುಬಿಟ್ಟಿತು. ನಾನು ಎಲ್ಲಾ ಹೇಳಿದೆ, ಬಚ್ಚಲು, ಇಟ್ಟಂಗಿ ಪುಡಿ, ಮಾನ್ವಿಯ ಬಸ್‌ಸ್ಟ್ಯಾಂಡು, ಕೊಟ್ಟ ಮಾತು. ಕಲಾಯಿಯವನು ತನ್ನ ಸಾಮಾನು ಕಟ್ಟುವುದನ್ನು ಬಿಟ್ಟು ಕೇಳುತ್ತ ನಿಂತಿದ್ದ. ಅವಳು ಬೋಗಾಣಿಯನ್ನು ಎದೆಗೆ ಅವಚಿಕೊಂಡು ಅಂಗಳದಲ್ಲೇ ಕೂತಳು. ಬೈಯುತ್ತಾಳೆ, ಬೈಯಲಿ ಅಂತ ಕಾದೆ.

ಅವಳು ಬೋಗಾಣಿಯನ್ನು ಕೆಳಗಿಟ್ಟು, ಒಳಗೆ ಬೆರಳಾಡಿಸುತ್ತ ಕೇಳಿದಳು.

"ಇಷ್ಟು ವರ್ಷ ಯಾರನ್ನ ಬೈಕೋತ ಬಂದೆ ನಾನು? ಅವನ ಹೆಸರೇನು ಅತ್ತಿಗಿ?"

ಬಾಯಿ ತೆರೆದೆ. ಚಾಚಾ, ಕಲಾಯಿ ಚಾಚಾ... ಅದರಾಚೆಗೆ ಏನೂ ಬರಲಿಲ್ಲ. ನನ್ನ ಸಂಸಾರ ಉಳಿಸಿದವನ ಹೆಸರನ್ನು ನಾನು ಒಂದು ಸಲವೂ ಕೇಳಿರಲಿಲ್ಲ.

"ಗೊತ್ತಿಲ್ಲ" ಅಂದೆ.