ಗಾಜಿನ ಕೋಣೆಯಲ್ಲಿ ಕೈ ಎತ್ತಿದವನು

ಮೌನೇಶ, ಆ ದಿನ ಗಾಜಿನ ಕೋಣೆಯಲ್ಲಿ ಮೊದಲು ಕೈ ಎತ್ತಿದ್ದು ನಾನು. ನೀನು ಎಂದು ಬರೆದುಕೊಟ್ಟವನೂ ನಾನೇ. ಆ ಒಂದು ಸಾಲಿನಿಂದಾಗಿ ಎರಡು ವರ್ಷದಿಂದ ನಿನಗೆ ಯಾವ ಕಂಪನಿಯೂ ಕೆಲಸ ಕೊಟ್ಟಿಲ್ಲ.

ನಡೆದದ್ದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ — ನಿನ್ನೆಯವರೆಗೆ ನನ್ನ ಕೈಬರಹದಲ್ಲಿ ಅದು ಎಲ್ಲಿಯೂ ಇರಲಿಲ್ಲ.

ಕೆ.ಆರ್. ಪುರದ ಆಚೆಯ ಆ ಆಫೀಸಿನಲ್ಲಿ ನಮ್ಮ ಸಾಫ್ಟ್‌ವೇರ್ ಟೆಸ್ಟಿಂಗ್ ತಂಡದಲ್ಲಿ ಹನ್ನೊಂದು ಜನ. ನಮ್ಮ ಕೆಲಸವನ್ನೆಲ್ಲ ಯಂತ್ರಕ್ಕೆ ಒಪ್ಪಿಸುತ್ತಾರೆಂಬ ಸುದ್ದಿ ಹಬ್ಬಿದಾಗ ಎಲ್ಲರೂ ನನ್ನ ಮುಖ ನೋಡಿದಿರಿ, ನನಗದು ಹೆಮ್ಮೆ. ಶಿವಾಜಿನಗರದಲ್ಲಿ ಹುಟ್ಟಿ, ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ ದುಡಿಯುತ್ತಲೇ ಸಂಜೆ ಕಾಲೇಜು ಮುಗಿಸಿದವನು ನಾನು. ಗುಂಪಾಗಿ ಬಂದ ಗಿರಾಕಿಗಳನ್ನು ನಮ್ಮ ಸೇಠ್ ಬೇರೆ ಬೇರೆ ಕೌಂಟರಿನಲ್ಲಿ ಕೂರಿಸುತ್ತಿದ್ದರು — ಒಟ್ಟಿಗಿದ್ದರೆ ಒಬ್ಬರ ‘ಬೇಡ’ ಇನ್ನೊಬ್ಬರಿಗೆ ಧೈರ್ಯ ಕೊಡುತ್ತದೆ. ಎಚ್‌ಆರ್‌ನವರು ಮಾಡುವುದೂ ಅದನ್ನೇ. ಒಬ್ಬೊಬ್ಬರನ್ನೇ ಕರೆದು, ನಾನಾಗಿಯೇ ಬಿಡುತ್ತಿದ್ದೇನೆ ಎಂಬ ಮೇಲ್ ಬರೆಸಿಕೊಳ್ಳುತ್ತಾರೆ. ಇಂದಿರಾನಗರದ ದರ್ಶಿನಿಯೊಂದರಲ್ಲಿ ನಿಂತು ಕಾಫಿ ಕುಡಿಯುತ್ತಾ ನಾನೇ ನಿಯಮ ಮಾಡಿದೆ: ಯಾರನ್ನು ಕರೆದರೂ ಹನ್ನೊಂದು ಜನವೂ ಒಟ್ಟಿಗೆ ಹೋಗಬೇಕು.

“ಅಣ್ಣಾ, ನೀ ಅರಿವಿ ಮಾರಿದ್ದು ನಮಗ ಉಪಯೋಗಕ್ಕ ಬಂತು ನೋಡು” ಎಂದು ನೀನು ನಕ್ಕಿದ್ದೆ.

ಇದನ್ನು ಓದುವ ಯಾರಿಗಾದರೂ ಈಗಲೂ ಅದೇ ಸಲಹೆ. ರಾಜೀನಾಮೆಯನ್ನು ನೀವಾಗಿ ಟೈಪ್ ಮಾಡಬೇಡಿ. ತೆಗೆಯುವವರು ತೆಗೆದೆವೆಂದು ಬರೆದುಕೊಡಲಿ. ಸಲಹೆ ಸರಿಯಾಗಿಯೇ ಇದೆ. ಕೊಟ್ಟವನು —

ಸೋಮವಾರ ಬೆಳಿಗ್ಗೆ ಮೊದಲು ನನ್ನನ್ನೇ ಕರೆದರು. ಎಷ್ಟಕ್ಕೆ ಇಳಿಯುತ್ತಾರೆ ನೋಡಿಕೊಂಡು ಬರುತ್ತೇನೆ, ಐದೇ ನಿಮಿಷ ಎಂದು ಹೇಳಿ ಒಬ್ಬನೇ ಹೋದೆ. ವ್ಯಾಪಾರ ಗೊತ್ತೆಂಬ ಸೊಕ್ಕು. ಹೊರಗಿನವರಿಗೆ ಏನೂ ಕಾಣದ ಮಬ್ಬು ಗಾಜಿನ ಕೋಣೆ; ಒಳಗೆ ಎಚ್‌ಆರ್ ಮ್ಯಾನೇಜರ್, ಕಪ್ಪು ಟೀ ಶರ್ಟಿನ ಇಬ್ಬರು ಬೌನ್ಸರ್‌ಗಳು. ಆಕೆ ಗದರಲಿಲ್ಲ. ಉಳಿದ ಹತ್ತು ಜನರನ್ನು ರಾಜೀನಾಮೆಗೆ ಒಪ್ಪಿಸಿದರೆ ನನ್ನ ಕೆಲಸ ಉಳಿಯುತ್ತದೆ ಎಂದಳು. ನಾನು ಚೌಕಾಸಿ ಮಾಡಿದೆ — ಲೀಡ್ ಹುದ್ದೆಯೂ ಬೇಕೆಂದು. ಅದಕ್ಕೂ ಒಪ್ಪಿದಳು. ನಿಮ್ಮ ರಾಜೀನಾಮೆಗಳ ಒಕ್ಕಣೆಯನ್ನು ನಾನೇ ಟೈಪ್ ಮಾಡುತ್ತಾ ಕೂತಿದ್ದಾಗ ನೀನು ಬಾಗಿಲು ತಳ್ಳಿಕೊಂಡು ಬಂದೆ. ಐದು ನಿಮಿಷ ಮುಕ್ಕಾಲು ಗಂಟೆಯಾಗಿತ್ತು. ನನಗೇನು ಮಾಡಿದರೋ ಎಂದು ಹೆದರಿ ಬಂದಿದ್ದೆ ನೀನು.

ಪರದೆಯ ಮೇಲೆ ನಿನ್ನ ಹೆಸರಿತ್ತು.

“ನಮ್ಮನ್ನ ಮಾರಿದಿ, ಹೌದಿಲ್ಲೋ ಅಣ್ಣಾ? ಹೊರಗ ಬಾ. ಅವರ ಮುಂದ ಹೇಳು.”

ಲ್ಯಾಪ್‌ಟಾಪ್ ಎತ್ತಿಕೊಂಡು ತಿರುಗಿದೆ ನೀನು. ಉಳಿದವರು ಅದನ್ನು ನೋಡಿದರೆ — ಹಿಂದಿನಿಂದ ಕಾಲರ್ ಹಿಡಿದು ನಿನ್ನ ತಲೆಯನ್ನು ಗಾಜಿನ ಬಾಗಿಲಿಗೆ ಅಪ್ಪಳಿಸಿದೆ. ಬಾಗಿಲು ಒಡೆಯಲಿಲ್ಲ, ನಿನ್ನ ಹುಬ್ಬು ಸೀಳಿತು. ರಕ್ತ ಕಣ್ಣಿಗಿಳಿದು, ಏನೂ ಕಾಣದೆ, ಗಾಳಿಯಲ್ಲಿ ಕೈ ಆಡಿಸಿದೆ ನೀನು. ಆ ಕೈಯನ್ನು ಒಬ್ಬ ಬೌನ್ಸರ್ ಬೆನ್ನ ಹಿಂದಕ್ಕೆ ತಿರುಚಿದ. ಭುಜದಲ್ಲಿ ಏನೋ ಲಟಕ್ಕೆಂದದ್ದು ನನಗೂ ಕೇಳಿಸಿತು. ಆಮೇಲೆ ಇಬ್ಬರೂ ಸೇರಿ ಮೆಟ್ಟಿಲ ಮೇಲೆ ದರದರನೆ ಎಳೆದುಕೊಂಡು ಹೋದರು. ಒಂದೊಂದು ಮೆಟ್ಟಿಲಿಗೂ ನಿನ್ನ ಹಿಮ್ಮಡಿ ಬಡಿಯುತ್ತಿತ್ತು. ಒಂಬತ್ತು ಜನ ಎದ್ದು ನಿಂತು ನೋಡಿದರು. ಮಧ್ಯಾಹ್ನದೊಳಗೆ ಒಂಬತ್ತು ಮೇಲ್‌ಗಳೂ ಹೋದವು. ಯಾರನ್ನೂ ನಾನು ಒಪ್ಪಿಸಬೇಕಾಗಿ ಬರಲಿಲ್ಲ.

ಮೊದಲು ಹೊಡೆದದ್ದು ಯಾರೆಂದು ಬರೆಯಲು ಮ್ಯಾನೇಜರ್ ಕಾಗದ ಮುಂದಿಟ್ಟಳು. ಕೋಣೆಯಲ್ಲಿ ಕ್ಯಾಮೆರಾ ಇರಲಿಲ್ಲ. ನಿನ್ನ ಹೆಸರು ಬರೆದೆ. ಠಾಣೆಗೆ ದೂರು ಹೋಯಿತು. ನಿನ್ನ ರಿಲೀವಿಂಗ್ ಲೆಟರಿನಲ್ಲಿ ‘ಸಹೋದ್ಯೋಗಿಯ ಮೇಲೆ ಹಲ್ಲೆ’ ಎಂದು ಬಂತು. ಮುಂದೆ ನಿನ್ನನ್ನು ತೆಗೆದುಕೊಳ್ಳಲಿದ್ದ ಎರಡು ಕಂಪನಿಗಳವರು ವಿಚಾರಿಸಲು, ತಂಡದ ಲೀಡ್ ಎಂದು ನನಗೇ ಫೋನ್ ಮಾಡಿದರು. ಎರಡು ಸಲವೂ ಅದೇ ಸುಳ್ಳು ಹೇಳಿದೆ. ಎರಡನೆಯ ಸಲ ರಸೆಲ್ ಮಾರುಕಟ್ಟೆಯಲ್ಲಿ ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡುತ್ತಿದ್ದೆ; ಫೋನಿಟ್ಟು ಚೌಕಾಸಿ ಮುಂದುವರಿಸಿದೆ.

ಎಂಟು ತಿಂಗಳಿಗೆ ನನ್ನನ್ನೂ ಅದೇ ಕೋಣೆಗೆ ಕರೆದರು. ಜೊತೆಗೆ ಬರುವವರು ಯಾರೂ ಉಳಿದಿರಲಿಲ್ಲ. ಹತ್ತು ನಿಮಿಷದಲ್ಲಿ ಟೈಪ್ ಮಾಡಿಕೊಟ್ಟು ಬಂದೆ. ಇದನ್ನು ಅನುಕಂಪಕ್ಕಾಗಿ ಹೇಳುತ್ತಿಲ್ಲ — ಹೇಳದಿದ್ದರೆ ಅದೂ ಮುಚ್ಚಿಟ್ಟಂತೆ.

ನಿನ್ನೆ ಆ ಎರಡು ಕಂಪನಿಗಳಿಗೆ, ಹಳೆಯ ಆಫೀಸಿಗೆ, ಠಾಣೆಗೆ ನಿಜ ಬರೆದು ಸಹಿ ಹಾಕಿ ಕೊಟ್ಟೆ. ಠಾಣೆಯ ಸಬ್‌ಇನ್‌ಸ್ಪೆಕ್ಟರ್ ಓದಿ, ಇದರಿಂದ ನಿಮ್ಮ ಮೇಲೇ ಕೇಸಾಗುತ್ತದೆ, ಗೊತ್ತಲ್ಲ ಎಂದರು. ಗೊತ್ತು ಎಂದೆ. ಒಂದು ಪ್ರತಿ ಇದರೊಂದಿಗಿದೆ. ಯಾರ ಮುಂದೆ ಬೇಕಾದರೂ ಇಡು.

ಅದರಲ್ಲಿ ಬರೆದಿದ್ದರೂ, ಏಕೆ ಮಾಡಿದೆನೆಂದು ಹೇಳಲಾಗದ್ದು ಒಂದಿದೆ. ಮೊದಲ ಏಟಿಗೇ ಲ್ಯಾಪ್‌ಟಾಪ್ ನಿನ್ನ ಕೈಯಿಂದ ಬಿದ್ದಿತ್ತು. ನನಗೆ ಬೇಕಾದದ್ದು ಅಷ್ಟೇ. ಭುಜ ಜಾರಿ, ನೀನು ಬೌನ್ಸರ್‌ನ ಹಿಡಿತದಲ್ಲಿ ಜೋತುಬಿದ್ದಿದ್ದಾಗ, ಹತ್ತಿರ ಹೋಗಿ ನಿನ್ನ ಬಾಯಿಗೆ ಗುದ್ದಿದೆ — ನೀನು ಇನ್ನೂ ನನ್ನನ್ನು ಅಣ್ಣಾ ಎನ್ನುತ್ತಿದ್ದೆ.